ಹೊರಗುತ್ತಿಗೆ: ಯಾವುದರಿಂದ ಹೊರಗೆ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಒಂದು ಪದ ತಲೆ ತಿನ್ನುತ್ತಿದೆ: ಕೆಲಸವನ್ನು ಬೇರೆ ದೇಶಕ್ಕೆ ಕಳಿಸುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಬಲ್ಲವರು ದಾರಿ ತೋರಿಸಬೇಕು.

ಜಾಗತೀಕರಣದ ಪಾಠದಲ್ಲಿ ‘ಔಟ್‌ಸೋರ್ಸಿಂಗ್’, ಅಂದರೆ ತಮ್ಮ ಕೆಲಸವನ್ನು ಹೊರಗಿನವರಿಂದ ಮಾಡಿಸುವುದು, ಬರುತ್ತದೆ. ಪತ್ರಿಕೆಗಳಲ್ಲಿ ಇದಕ್ಕೆ ‘ಹೊರಗುತ್ತಿಗೆ’ ಅನ್ನುವ ಪದ ನಿಂತುಬಿಟ್ಟಿದೆ. ಒಳ್ಳೆಯ ಪದವೇ. ಅಮೆರಿಕದ ಕಂಪನಿಗಳು ಭಾರತಕ್ಕೆ ಕೆಲಸ ಹೊರಗುತ್ತಿಗೆ ಕೊಟ್ಟವು ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು: “ಸರ್, ಅವರಿಗೂ ವರ್ಷಾ ವರ್ಷಾ ರಿನಿವಲ್ ಇರತೈತೇನ್ರಿ?” ಕ್ಲಾಸೆಲ್ಲ ನಕ್ಕಿತು. ಅವಳು ಮಾತ್ರ ತಮಾಷೆಗೆ ಕೇಳಿರಲಿಲ್ಲ. ಅವಳ ಅಣ್ಣ ಗದಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಏಜೆನ್ಸಿ ಮೂಲಕ ಡಾಟಾ ಎಂಟ್ರಿ ಮಾಡುತ್ತಾನಂತೆ. ಆ ಮನೆಯಲ್ಲಿ ಹೊರಗುತ್ತಿಗೆ ಅಂದರೆ ಅಣ್ಣನ ನೌಕರಿ.

ಹಾಗೆ ನೋಡಿದರೆ ಅವಳು ಹೇಳಿದ್ದೇ ಇವತ್ತಿನ ಬಳಕೆ. ನಮ್ಮಲ್ಲಿ ಸರ್ಕಾರಿ ಕೆಲಸಕ್ಕೆ ಮೂರು ಮೆಟ್ಟಿಲು: ಕಾಯಂ, ಗುತ್ತಿಗೆ, ಹೊರಗುತ್ತಿಗೆ. ಗುತ್ತಿಗೆಯವರ ಕರಾರು ನೇರ ಇಲಾಖೆಯ ಜೊತೆ. ಹೊರಗುತ್ತಿಗೆಯವರಿಗೆ ನಡುವೆ ಒಂದು ಏಜೆನ್ಸಿ. ಇಲಾಖೆ ಏಜೆನ್ಸಿಗೆ ದುಡ್ಡು ಕೊಡುತ್ತದೆ, ಏಜೆನ್ಸಿ ಇವರಿಗೆ ಪಗಾರ ಕೊಡುತ್ತದೆ. ಆಸ್ಪತ್ರೆಯ ಡಿ ಗ್ರೂಪ್, ಹಾಸ್ಟೆಲಿನ ಅಡುಗೆಯವರು, ಕಂಪ್ಯೂಟರ್ ಆಪರೇಟರ್, ಡ್ರೈವರ್, ಎಷ್ಟೋ ಜನ ಈ ಲೆಕ್ಕದಲ್ಲೇ ಇದ್ದಾರೆ. ಇಲ್ಲಿ ಕೆಲಸ ಎಲ್ಲಿಗೂ ಹೋಗಿಲ್ಲ. ಅದೇ ಕಚೇರಿ, ಅದೇ ಟೇಬಲ್ಲು. ಹೊರಗೆ ಉಳಿದದ್ದು ನೌಕರ.

ಅಮೆರಿಕದಲ್ಲಿ ಔಟ್‌ಸೋರ್ಸಿಂಗ್ ಬಗ್ಗೆ ಗಲಾಟೆ ಎದ್ದದ್ದು ಇದಕ್ಕಲ್ಲ. 2004ರಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಮುಖ್ಯಸ್ಥ ಗ್ರೆಗರಿ ಮ್ಯಾನ್‌ಕಿವ್, ಔಟ್‌ಸೋರ್ಸಿಂಗ್ ಅಂದರೆ ದೇಶ ದೇಶಗಳ ವ್ಯಾಪಾರದ ಇನ್ನೊಂದು ಹೊಸ ರೀತಿ ಅಷ್ಟೇ ಅಂದುಬಿಟ್ಟರು. ಅದು ಚುನಾವಣೆಯ ವರ್ಷ. ಎರಡೂ ಪಕ್ಷದವರು ಮೇಲೆ ಬಿದ್ದರು. ಅಲ್ಲಿದ್ದ ಸಿಟ್ಟು ಕೆಲಸ ದೇಶ ಬಿಟ್ಟು ಹೋಗುತ್ತಿದೆ ಅನ್ನುವುದರ ಮೇಲೆ. ಹೀಗೆ ನೌಕರಿ ಕಳೆದುಕೊಂಡವನಿಗೆ ಆ ಕಾಲದಲ್ಲಿ ಬ್ಯಾಂಗಲೋರ್ ಹೆಸರಿನಿಂದ ‘ಬ್ಯಾಂಗಲೋರ್ಡ್’ ಅನ್ನುವ ಪದವೇ ಹುಟ್ಟಿತ್ತು. (2014ರಲ್ಲಿ ಊರು ಅಧಿಕೃತವಾಗಿ ಬೆಂಗಳೂರಾಯ್ತು. ಆ ಪದಕ್ಕೆ ಮಾತ್ರ ಯಾರೂ ಮರುನಾಮಕರಣ ಮಾಡಲಿಲ್ಲ!)

ಕೆಲಸ ಬೇರೆಯವರಿಗೆ ಕೊಡುವುದು, ಬೇರೆ ದೇಶಕ್ಕೆ ಕಳಿಸುವುದು, ಇಂಗ್ಲಿಷಿನಲ್ಲೂ ರಾಜಕಾರಣಿಗಳು ಎರಡನ್ನೂ ಕಲಸಿಬಿಡುತ್ತಾರೆ. ಅರ್ಥಶಾಸ್ತ್ರದಲ್ಲಿ ಮಾತ್ರ ಬೇರೆ ಬೇರೆ ಪದ ಇವೆ. ಕೆಲಸ ಬೇರೆ ಕಂಪನಿಗೆ ಹೋದರೆ ಔಟ್‌ಸೋರ್ಸಿಂಗ್, ಊರಲ್ಲೇ ಇದ್ದರೂ ಸರಿ. ಬೇರೆ ದೇಶಕ್ಕೆ ಹೋದರೆ ಆಫ್‌ಶೋರಿಂಗ್, ಕಂಪನಿ ಅದೇ ಇದ್ದರೂ ಸರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ತನ್ನದೇ ಕೇಂದ್ರ ತೆರೆಯಿತು. ಅದರಲ್ಲಿ ಗುತ್ತಿಗೆ ಎಲ್ಲಿಂದ ಬಂತು? ಇನ್ನೂ ಚೆನ್ನಾಗಿರುವುದು ಜನರಲ್ ಎಲೆಕ್ಟ್ರಿಕ್ ಉದಾಹರಣೆ. ಅವರು 1997ರಲ್ಲಿ ಗುರುಗ್ರಾಮದ ಕಡೆ ತಮ್ಮದೇ ಬ್ಯಾಕ್ ಆಫೀಸ್ (ಕಂಪನಿಯ ಲೆಕ್ಕಪತ್ರದಂಥ ಒಳಗಿನ ಕೆಲಸದ ಕಚೇರಿ) ಶುರು ಮಾಡಿದರು. 2005ರಲ್ಲಿ ಅದೇ ಆಫೀಸು ಜೆನ್‌ಪ್ಯಾಕ್ಟ್ ಎಂಬ ಸ್ವತಂತ್ರ ಕಂಪನಿಯಾಯಿತು. ಅಲ್ಲಿ ಕೂತವರಿಗೆ ಕುರ್ಚಿಯೂ ಅದೇ, ಕೆಲಸವೂ ಅದೇ. ಆದರೆ ನಿನ್ನೆಯವರೆಗೆ ಹೊರಗುತ್ತಿಗೆ ಅಲ್ಲದ್ದು ಇವತ್ತು ಹೊರಗುತ್ತಿಗೆ! ಈ ಒಂದು ಉದಾಹರಣೆಯನ್ನು ಕನ್ನಡದಲ್ಲಿ ಹೇಳಲು ಹೋದರೆ ನನ್ನ ಹತ್ತಿರ ಪದವೇ ಇಲ್ಲ.

ಈಗ ಇದು ಬರೀ ಪಾಠದ ಮಾತೂ ಅಲ್ಲ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ತಂದ ನೀತಿಯಲ್ಲಿ ‘ಜಾಗತಿಕ ಸಾಮರ್ಥ್ಯ ಕೇಂದ್ರ’ ಅನ್ನುವುದಿದೆಯಲ್ಲ, ಅದೂ ಇದೇ ಜಾತಿ. ವಿದೇಶಿ ಕಂಪನಿ ಇಲ್ಲಿ ತನ್ನದೇ ಆಫೀಸು ತೆರೆಯುವುದು. 2029ರೊಳಗೆ ಇಂಥ 500 ಹೊಸ ಕೇಂದ್ರ ತರುವುದು ಗುರಿ. ಬೆಂಗಳೂರಿನ ಆಚೆಗೂ ಅಂತಾರೆ, ಹಾಗಾಗಿ ಹುಬ್ಬಳ್ಳಿಯವರೂ ಕಿವಿ ನೆಟ್ಟಗೆ ಮಾಡಿದ್ದಾರೆ.

ಕೆಲಸ ಮಾಡುವವರ ಬಾಯಲ್ಲಿ ಏನಿದೆ ಅಂತಲೂ ಕೇಳಿ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ‘ಯು.ಎಸ್. ಪ್ರೊಸೆಸ್’ನಲ್ಲಿದ್ದಾನೆ, ಅಂದರೆ ಇಲ್ಲಿ ಕೂತು ಅಮೆರಿಕದವರ ಕೆಲಸ ಮಾಡುತ್ತಾನೆ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಅಲ್ಲಿ ಗಡಿಯಾರ ತಿರುಗಿಸಿದರೆ ಇವನ ಊಟದ ಹೊತ್ತೂ ತಿರುಗುತ್ತದೆ. ಅವನು ಹೊರಗುತ್ತಿಗೆ ಅನ್ನುವುದೇ ಇಲ್ಲ, “ನಾ ಆಫ್‌ಶೋರ್ ಟೀಮ್‌ನಾಗ ಇದ್ದೀನ್ರಿ ಸರ್” ಅನ್ನುತ್ತಾನೆ. ಕೂತಿರುವುದು ವಿದ್ಯಾನಗರದ ಮನೆಯಲ್ಲಿ. ಆಫ್‌ಶೋರ್ ಅಂದರೆ ಆಚೆ ದಡ. ಯಾರ ದಡದಿಂದ ಆಚೆ? ದುಡ್ಡು ಕೊಡುವವರ ದಡದಿಂದ. ಕನ್ನಡದಲ್ಲಿ ಪದ ಕಟ್ಟುವಾಗಲೂ ನಾವು ಅಲ್ಲಿಂದಲೇ ನೋಡಬೇಕಾ ಅನ್ನುವುದು ನನ್ನ ಇನ್ನೊಂದು ಅನುಮಾನ.

ಆಫ್‌ಶೋರಿಂಗ್‌ಗೆ ನಾನು ತೂಗಿ ನೋಡಿದ ಪದಗಳು ಇವು. ‘ಕಡಲಾಚೆಯ ಗುತ್ತಿಗೆ’ ಕೇಳಲು ಚೆಂದ. ಆದರೆ ಸ್ವಂತ ಆಫೀಸಿಗೆ ಗುತ್ತಿಗೆ ಸಲ್ಲದು, ಅಮೆರಿಕದಿಂದ ಮೆಕ್ಸಿಕೊಕ್ಕೆ ಹೋದರೆ ನಡುವೆ ಕಡಲೂ ಇಲ್ಲ. ‘ಉದ್ಯೋಗ ಸ್ಥಳಾಂತರ’ ಅಂದರೆ ಬಸ್‌ ಸ್ಟ್ಯಾಂಡ್ ಎತ್ತಂಗಡಿ ಮಾಡಿದ ಹಾಗೆ ಕೇಳಿಸುತ್ತದೆ. ‘ಹೊರನಾಡ ಕೆಲಸ’ ಅಂದರೆ ದುಬೈಗೆ ಹೋದವರ ಕೆಲಸ. ಸದ್ಯಕ್ಕೆ ‘ಕೆಲಸದ ಹೊರಸಾಗಣೆ’ ಅನ್ನುತ್ತಿದ್ದೇನೆ. ನಮ್ಮ ಇತಿಹಾಸದ ಮೇಷ್ಟ್ರಿಗೆ ಅದರಲ್ಲಿ ಲಾರಿ ಆಫೀಸಿನ ವಾಸನೆ ಬರುತ್ತದಂತೆ. ‘ಕೆಲಸ ಬೇರೆ ದೇಶಕ್ಕೆ ಕಳಿಸುವುದು’ ಅಂತ ಬಿಡಿಸಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ, ನನಗೂ ಅದೇ ಇಷ್ಟ. ಆದರೆ ಪರೀಕ್ಷೆಯ ಉತ್ತರಕ್ಕೆ ಒಂದು ತಲೆಬರಹ ಬೇಕಲ್ವಾ?

ಗದಗ-ಬೆಟಗೇರಿಯವರಲ್ಲಿ ಒಂದು ವಿಶೇಷ ಕೋರಿಕೆ. ಅಲ್ಲಿ ಮಾಲೀಕರು ನೂಲು ಕೊಟ್ಟು, ನೇಕಾರರ ಮನೆಯ ಮಗ್ಗದಲ್ಲಿ ಸೀರೆ ನೇಯಿಸಿ, ಮಜೂರಿ ಕೊಡುವ ಪದ್ಧತಿ ಇದೆ. ಮಜೂರಿ ಅನ್ನುವುದು ಕೂಲಿಯ ಹೆಸರು. ಹಾಗೆ ಕೆಲಸ ಹೊರಗೆ ಕೊಡುವುದಕ್ಕೆ ನೇಕಾರರು, ಮಾಲೀಕರು ತಮ್ಮ ತಮ್ಮಲ್ಲಿ ಏನನ್ನುತ್ತಾರೆ? ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕುತ್ತೇವೆ ಅನ್ನುವ ಹಾಗೆ ಇದಕ್ಕೂ ಒಂದು ಬಾಯಿಮಾತು ಇರಲೇಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೊಡುವವರೂ ಹೇಳಬಹುದು. ಕೇಳಿದ ಹಾಗೆಯೇ, ತಿದ್ದದೆ, ಪೂರ್ತಿ ವಾಕ್ಯ ಬರೆದು ಕಳಿಸಿ.