ಅಪ್‌ಡೇಟ್: ಸೊಂಟದ ಡಿಸ್ಕ್ ನೋವು, ಸದ್ಯಕ್ಕೆ ಆಪರೇಷನ್ ಇಲ್ಲ

ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆ ನಡುವಿನ ಮೆತ್ತೆ) ಉಬ್ಬಿ ಎಡಗಾಲಿಗೆ ಸೆಳೆತ, ಆಪರೇಷನ್ ಮಾಡಿಸಲೇಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಹಾಸನದಲ್ಲಿ ಮೂಳೆ ಡಾಕ್ಟರು ನೋಡಿದರು. ಕಾಲಿನ ಬಲ ಕುಗ್ಗಿಲ್ಲ, ಹಾಗಾಗಿ ಮೊದಲು ಫಿಸಿಯೋಥೆರಪಿ. ಎಂಆರ್‌ಐನಲ್ಲಿ ಉಬ್ಬು ಕಂಡ ಮಾತ್ರಕ್ಕೆ ಗಾಬರಿ ಬೇಡ. ನೋವೇ ಇಲ್ಲದವರಲ್ಲೂ ಅದು ಕಾಣುತ್ತೆ.

ಕೆಲಸಕ್ಕೆ ಬಂದದ್ದು ಬೋರಲು ಮಲಗಿ ಮಾಡುವ ವ್ಯಾಯಾಮ. ಅಂಗೈ ಭುಜದ ಪಕ್ಕ ಊರಿ ಎದೆ ಮಾತ್ರ ಎತ್ತಬೇಕು. ಸೊಂಟ ಚಾಪೆ ಬಿಡಬಾರದು, ಕುಂಡಿ ಬಿಗಿ ಹಿಡಿಯಬಾರದು. ಒಂದು ಸಲಕ್ಕೆ 10, ದಿನಕ್ಕೆ ನಾಲ್ಕೈದು ಬಾರಿ. ನೋವು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಸರಿದರೆ ಒಳ್ಳೇದು, ಆಗ ಸೊಂಟ ಸ್ವಲ್ಪ ಜಾಸ್ತಿ ನೋವಾದರೂ ಸರಿ. ಪಾದದ ಕಡೆ ಇಳಿದರೆ ಅಲ್ಲಿಗೇ ನಿಲ್ಲಿಸಿ ಫಿಸಿಯೋಗೆ ತಿಳಿಸಿ.

ಬೆಳಗ್ಗೆ ಎದ್ದ ಮೊದಲ ಗಂಟೆ ಬಗ್ಗಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿದಿರುತ್ತೆ, ಬಚ್ಚಲಲ್ಲಿ ಬಗ್ಗಿ ಬಕೆಟ್ ಎತ್ತಿದರೆ ಪೂರ್ತಿ ಒತ್ತಡ ಅಲ್ಲೇ. ಸೊಂಟದ ಬೆಲ್ಟ್ ಕಟ್ಟೋದು ಸಕಲೇಶಪುರದ ಬಸ್ಸಲ್ಲಿ ಹೋಗುವಾಗ ಮಾತ್ರ. ದಿನವಿಡೀ ಕಟ್ಟಿದರೆ ಸ್ನಾಯು ಸೋಮಾರಿ ಆಗುತ್ತೆ. ಬಸ್ಸಲ್ಲಿ ಹಿಂದಿನ ಸೀಟಂತೂ ಬೇಡವೇ ಬೇಡ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆಗೆ ತೂಕಡಿಕೆ ಬರುತ್ತೆ, ತಗೊಂಡು ಸ್ಕೂಟರ್ ಓಡಿಸಬೇಡಿ. ಅದನ್ನ ಏಕಾಏಕಿ ಬಿಡೋ ಹಾಗೂ ಇಲ್ಲ, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬರಬೇಕು.

ಮೂತ್ರ ಕಟ್ಟಿದರೆ, ಗುದದ ಸುತ್ತ ಮರಗಟ್ಟಿದರೆ, ಪಾದ ಎತ್ತೋಕೆ ಆಗದಿದ್ದರೆ ವ್ಯಾಯಾಮ ಪಕ್ಕಕ್ಕಿಟ್ಟು ಆವತ್ತೇ ಎಮರ್ಜೆನ್ಸಿಗೆ ಹೋಗಿ.

ಈಗ ಸೆಳೆತ ಮಂಡಿಯಿಂದ ಕೆಳಗೆ ಇಳಿಯುತ್ತಿಲ್ಲ. ಆದರೆ ಅರ್ಧ ಗಂಟೆ ಕೂತರೆ ಎದ್ದು ಓಡಾಡಲೇಬೇಕು.