ಉದ್ದ ಎಳೆತದವರಿಗೆ ಮರದ ಬಾಣ ಎಲ್ಲಿ ಸಿಗುತ್ತದೆ? 32 ಇಂಚಿನ ಶಾಫ್ಟ್ (ಬಾಣದ ಕಡ್ಡಿ) ನನಗೆ ಸಾಲುತ್ತಿಲ್ಲ

ಸೋಮವಾರಪೇಟೆ_ಲಾಂಗ್‌ಬೋ:

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನನ್ನ ಎತ್ತರ 6 ಅಡಿ 3 ಇಂಚು, ಕೈಯೂ ಅದಕ್ಕೆ ತಕ್ಕ ಹಾಗೆ ಉದ್ದ. ಒಂದೂವರೆ ವರ್ಷದಿಂದ ಲಾಂಗ್‌ಬೋ (ಉದ್ದನೆಯ ಸಾಂಪ್ರದಾಯಿಕ ಬಿಲ್ಲು) ಹೊಡೆಯುತ್ತಿದ್ದೇನೆ. ಬಿಲ್ಲಿನ ಉದ್ದ 70 ಇಂಚು, ಮೇಲೆ 28 ಇಂಚಿಗೆ 45 ಪೌಂಡ್ ಅಂತ ಬರೆದಿದೆ, ಅಂದರೆ 28 ಇಂಚು ಎಳೆಯಲು 45 ಪೌಂಡ್ ಬಲ ಬೇಕು. ಆದರೆ ನಾನು ಎಳೆಯುವುದು 28 ಅಲ್ಲ, ಹತ್ತಿರ ಹತ್ತಿರ 31 ಮುಕ್ಕಾಲು.

ಮೂರು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಒಂದು ಡಜನ್ ಸೀಡರ್ ಬಾಣ ತರಿಸಿದೆ. 32 ಇಂಚಿನ ಶಾಫ್ಟ್ ಅಂತ ಹೇಳಿದ್ದರು. ಬಂದ ಮೇಲೆ ಅಳೆದರೆ ನಾಕ್‌ನ (ಹೆದೆಗೆ ಕೂರಿಸುವ ಬಾಲದ ತುದಿ) ಕಚ್ಚಿನಿಂದ ಮೊನೆಯ ಹಿಂಬದಿಗೆ 31 ಇಂಚಿಗಿಂತ ಸ್ವಲ್ಪ ಜಾಸ್ತಿ ಇದೆ ಅಷ್ಟೇ. ಪೂರ್ತಿ ಎಳೆದಾಗ ಮೊನೆ ಬಿಲ್ಲಿನೊಳಗೇ ಬಂದುಬಿಡುತ್ತದೆ. ಹೋದ ಭಾನುವಾರ ಒಂದು ಸಲ ಮೊನೆ ಶೆಲ್ಫ್‌ನಿಂದ (ಬಿಲ್ಲಿನಲ್ಲಿ ಬಾಣ ಕೂರುವ ಜಾಗ) ಜಾರಿ ನನ್ನ ಬೆರಳಿನ ಗಂಟಿನ ಮೇಲೆ ಕೂತಿತ್ತು, ಪುಣ್ಯಕ್ಕೆ ಬಿಡುವ ಮೊದಲು ಕಣ್ಣಿಗೆ ಬಿತ್ತು, ಹೆದೆಯನ್ನು ಮೆಲ್ಲಗೆ ವಾಪಸ್ ತಂದೆ. ಅವತ್ತಿಂದ ಭಯ ಆಗಿದೆ.

ಇನ್ನೊಂದು ತೊಂದರೆ, ಎಲ್ಲಾ ಬಾಣವೂ ಬಾಲ ಅಲ್ಲಾಡಿಸಿಕೊಂಡು ಬಲಕ್ಕೆ ಹೋಗುತ್ತದೆ. ನಾನು ಬಲಗೈಯವನು. ಬಿಲ್ಲು 45 ಪೌಂಡ್ ಅಂದಿದ್ದಕ್ಕೆ ಅಂಗಡಿಯವರು 45-50 ಪೌಂಡಿನ ಸ್ಪೈನ್ (ಬಾಣ ಬಾಗದಿರುವ ಬಿಗಿ) ಇರುವುದನ್ನು ಕೊಟ್ಟಿದ್ದರು.

ಕಾರ್ಬನ್ ಹಾಕು ಅಂತ ಹೇಳಬೇಡಿ ದಯವಿಟ್ಟು. ವರ್ಲ್ಡ್ ಆರ್ಚರಿ ನಿಯಮದಲ್ಲಿ ಲಾಂಗ್‌ಬೋ ವಿಭಾಗಕ್ಕೆ ಮರದ ಬಾಣವೇ ಆಗಬೇಕು, ಅದಕ್ಕಿಂತ ಹೆಚ್ಚಾಗಿ ನನಗೆ ಮರದ ಬಾಣದ ಆ ಮೆತ್ತಗಿನ ಸದ್ದು ತುಂಬಾ ಇಷ್ಟ. 33 ಇಂಚಿನ ಮರದ ಬಾಣ ಮಾಡಿಕೊಳ್ಳಲು ದಾರಿ ಇದೆಯಾ? ನಮ್ಮ ತೋಟದ ಬೇಲಿಯಲ್ಲಿ ದೊಡ್ಡ ಬಿದಿರು ಮೆಳೆ ಇದೆ, ಅದರಿಂದ ಏನಾದರೂ ಆಗುತ್ತದಾ?

ವಿರಾಜಪೇಟೆ_ಹಳಬ:

ತಮ್ಮಾ, ಮೊದಲು ಆ ಬಾಣಗಳನ್ನು ಅಟ್ಟಕ್ಕೆ ಹಾಕು. ಇವತ್ತೇ. ಮೊನೆ ಒಳಗೆ ಬಂದಾಗ ಬಿಟ್ಟಿದ್ದರೆ ಬಾಣ ಬಿಲ್ಲಿಗೆ ಬಡಿದು ಸೀಳಿ ನಿನ್ನ ಎಡಗೈಯೊಳಗೇ ಹೋಗುತ್ತಿತ್ತು. ಅಂಥ ಕೈ ಒಂದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೆಬ್ಬೆರಳಿನ ಬುಡದಲ್ಲಿ ಮರದ ಸಿಬಿರು ಹೊಕ್ಕು ಇನ್ನೊಂದು ಕಡೆ ಬಂದಿತ್ತು. ಪೂರ್ತಿ ಎಳೆದಾಗ ಬಿಲ್ಲಿನ ಮುಂದೆ ಕಡಿಮೆ ಅಂದರೂ ಒಂದು ಇಂಚು ಮರ ಕಾಣುತ್ತಿರಬೇಕು, ಮೊನೆ ಲೆಕ್ಕಕ್ಕಿಲ್ಲ.

ಎರಡನೇದು, 31 ಮುಕ್ಕಾಲು ಅಂತ ಹೇಗೆ ಅಳೆದೆ? ಒಬ್ಬನೇ ಕನ್ನಡಿ ಮುಂದೆ ನಿಂತು ಅಳೆದರೆ ಲೆಕ್ಕ ತಪ್ಪುತ್ತದೆ. 36 ಇಂಚಿನ ಒಂದು ಕೋಲಿಗೆ ನಾಕ್ ಹಾಕಿ ಹಗುರ ಬಿಲ್ಲಿನಲ್ಲಿ ಎಳಿ, ಪಕ್ಕದಲ್ಲಿ ಇನ್ನೊಬ್ಬರು ಬಿಲ್ಲಿನ ಮುಂಬದಿಗೆ ಸರಿಯಾಗಿ ಪೆನ್ಸಿಲ್ ಗೆರೆ ಹಾಕಲಿ. ಒಂದೇ ದಿನ ಬೇಡ, ಬೇರೆ ಬೇರೆ ಮೂರು ದಿನ ಮಾಡು. ಮೈ ಬಿಸಿಯಾದ ಮೇಲೆ ಅರ್ಧ ಇಂಚು ಜಾಸ್ತಿ ಬರುವುದು ಸಾಮಾನ್ಯ, ಬಾಣ ಆ ಜಾಸ್ತಿಗೂ ಸಾಕಾಗಬೇಕು. ಮರೆಯಬೇಡ, ಎಳೆದ ಕೋಲನ್ನು ಬಿಡಬಾರದು, ವಾಪಸ್ ತರಬೇಕು.

ಮೂರನೇದು, ಬಿಲ್ಲು ಮಾಡಿದವರನ್ನು ಕೇಳು, 32 ಇಂಚಿನವರೆಗೆ ಎಳೆಯಬಹುದಾ ಅಂತ. ಕೆಲವು ಬಿಲ್ಲನ್ನು 29-30ಕ್ಕೆ ಅಂತಲೇ ಮಾಡಿರುತ್ತಾರೆ. 70 ಇಂಚಿನ ಬಿಲ್ಲಾದ್ದರಿಂದ ತಡೆಯಬಹುದು, ಆದರೂ ಕೇಳಿಯೇ ಎಳಿ.

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸುವ ಪದ್ಧತಿ ಇತ್ತು, ಈಗ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯಲ್ಲಿ ತೆಂಗಿನಕಾಯಿ ಹೊಡೆಯುವುದಷ್ಟೇ ಉಳಿದಿದೆ. ನಿನ್ನ ವಯಸ್ಸಿನವರು ಬಿಲ್ಲು ಹಿಡಿದಿದ್ದೀರಿ ಅಂದರೆ ಖುಷಿ. ಕೈ ಉಳಿಸಿಕೊಂಡು ಹೊಡಿ.

ಕುಶಾಲನಗರ_ಮೇಷ್ಟ್ರು:

ಬಲಕ್ಕೆ ಹೋಗುವುದಕ್ಕೆ ಕಾರಣ ನಿಮ್ಮ ಬಾಣ ತೀರಾ ಬಳುಕುತ್ತಿರುವುದು. ಬಲಗೈಯವರಿಗೆ ಮೆತ್ತನೆ ಬಾಣ ಬಲಕ್ಕೆ ಹೋಗುತ್ತದೆ, ಗಟ್ಟಿ ಬಾಣ ಎಡಕ್ಕೆ. ಉದ್ದ ಎಳೆಯುವವರಿಗೆ ಇಲ್ಲಿ ಎರಡೆರಡು ಕಡೆಯಿಂದ ಪೆಟ್ಟು ಬೀಳುತ್ತದೆ, ಅದನ್ನು ಅಂಗಡಿಯವರು ನೋಡಲಿಲ್ಲ.

ಒಂದನೇ ಪೆಟ್ಟು ಬಿಲ್ಲಿನದು. 28 ದಾಟಿದ ಮೇಲೆ ಪ್ರತಿ ಇಂಚಿಗೆ ಎರಡೂವರೆಯಿಂದ ಮೂರು ಪೌಂಡ್ ಏರುತ್ತದೆ. 45 ಅಂತ ಬರೆದ ಬಿಲ್ಲು ನಿಮ್ಮ ಕೈಯಲ್ಲಿ ಸುಮಾರು 54-55 ಆಗಿರುತ್ತದೆ. ಎರಡನೇ ಪೆಟ್ಟು ಬಾಣದ್ದು. ಮರದ ಶಾಫ್ಟಿನ ಸ್ಪೈನ್ ಪಟ್ಟಿಯನ್ನು 28 ಇಂಚಿನ ಬಾಣ ಅಂತ ಇಟ್ಟುಕೊಂಡು ಮಾಡಿರುತ್ತಾರೆ, ಅದಕ್ಕಿಂತ ಉದ್ದವಾದ ಪ್ರತಿ ಇಂಚಿಗೆ 5 ಪೌಂಡ್ ಕೂಡಿಸಬೇಕು. ನಿಮಗೆ 33 ಇಂಚು ಬೇಕು, ಅಂದರೆ 5 ಇಂಚು ಜಾಸ್ತಿ, 25 ಪೌಂಡ್. ಒಟ್ಟು 80ರ ಹತ್ತಿರ! ನಿಮ್ಮ ಲಾಂಗ್‌ಬೋದಲ್ಲಿ ಬಾಣ ಕೂರುವ ಜಾಗ ಬಿಲ್ಲಿನ ಮಧ್ಯದವರೆಗೆ ಕೊರೆದದ್ದಲ್ಲದಿದ್ದರೆ, ಹೆದೆಯೂ ಡೇಕ್ರಾನ್ (ಸ್ವಲ್ಪ ಹಿಗ್ಗುವ ನೂಲು) ಆಗಿದ್ದರೆ, ಅದರಲ್ಲಿ 5ರಿಂದ 10 ಕಳೆಯಬಹುದು. ನಾನಾದರೆ 70-75ರಿಂದ ಶುರು ಮಾಡುತ್ತೇನೆ, 125 ಗ್ರೇನ್ (ಸುಮಾರು 8 ಗ್ರಾಂ) ಮೊನೆ ಹಾಕಿ. ನೀವು ಹೊಡೆಯುತ್ತಿರುವುದು 45-50. ಬಾಲ ಅಲ್ಲಾಡದೆ ಇನ್ನೇನಾಗುತ್ತದೆ?

ಸ್ಪೈನ್ ಅಳೆಯುವುದು ಮನೆಯಲ್ಲೇ ಆಗುತ್ತದೆ, ಯಂತ್ರ ಬೇಡ. ಎರಡು ಮೊಳೆಯನ್ನು 26 ಇಂಚು, ಅಂದರೆ 66 ಸೆಂಟಿಮೀಟರ್ ದೂರಕ್ಕೆ ಹೊಡೆಯಿರಿ. ಅದರ ಮೇಲೆ ಶಾಫ್ಟ್ ಇಟ್ಟು ನಡುವೆ 2 ಪೌಂಡ್ ತೂಕ ತೂಗುಹಾಕಿ. ಬಾಟಲಿ ಸೇರಿ 907 ಗ್ರಾಂ ಆಗುವಷ್ಟು ನೀರು ತುಂಬಿದರೆ ಆಯಿತು. ಎಷ್ಟು ಮಿಲಿಮೀಟರ್ ಬಾಗಿತು ನೋಡಿ, 660ನ್ನು ಆ ಸಂಖ್ಯೆಯಿಂದ ಭಾಗಿಸಿ. 13 ಮಿಲಿಮೀಟರ್ ಬಾಗಿದರೆ 50 ಪೌಂಡ್, 9 ಬಾಗಿದರೆ 73. ಮಕ್ಕಳಿಗೆ ಭಾಗಾಕಾರ ಕಲಿಸುವಾಗ ನಾನು ಇದನ್ನೇ ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ, ಒಬ್ಬರೂ ನಿದ್ದೆ ಮಾಡುವುದಿಲ್ಲ.

ಮರವನ್ನು ಸುತ್ತ ತಿರುಗಿಸಿ ಎರಡು ಕಡೆ ಅಳೆಯಿರಿ. ವರ್ಷದ ಉಂಗುರಗಳ ಅಂಚು ಇರುವ ಬದಿ ಸಾಮಾನ್ಯವಾಗಿ ಗಟ್ಟಿ, ಆ ಬದಿ ಬಿಲ್ಲಿಗೆ ತಾಗುವ ಹಾಗೆ ನಾಕ್ ಕೂರಿಸಬೇಕು.

ನಾಪೋಕ್ಲು_23:

ಎಳೆತ ಕಡಿಮೆ ಮಾಡಿಕೊಂಡರೆ ಆಗಲ್ವಾ ಬ್ರೋ? ದವಡೆಯ ಮೂಲೆ ಬಿಟ್ಟು ತುಟಿಯ ಅಂಚಿಗೆ ಆಂಕರ್ ಮಾಡಿ (ಹೆದೆ ಎಳೆದ ಕೈಯನ್ನು ಅಲ್ಲಿ ನಿಲ್ಲಿಸಿ), ಮೊಣಕೈ ಸ್ವಲ್ಪ ಮಡಿಸಿದರೆ 29-30ಕ್ಕೆ ಬರುತ್ತದೆ. ಆಗ ಸಾಮಾನ್ಯ ಬಾಣವೇ ಸಾಕು. ನನ್ನ ಸ್ನೇಹಿತ ಹಾಗೇ ಮಾಡಿದ.

ವಿರಾಜಪೇಟೆ_ಹಳಬ:

ಆಂಕರ್ ಮುಂದೆ ತರುವುದು ಬೇಕಾದರೆ ಸರಿ, ಅದು ಅವನಿಗೆ ಹಿತವಾದರೆ. ಮೊಣಕೈ ಮಡಿಸಿ ಎಳೆತ ಮೊಟಕು ಮಾಡುವುದು ಬೇಡವೇ ಬೇಡ. ಬೆನ್ನಿನ ಸ್ನಾಯು ಹಿಡಿಯುವ ಮೊದಲೇ ನಿಲ್ಲಿಸಿದರೆ ಪೂರ್ತಿ ಭಾರ ಭುಜದ ಮೇಲೆ ಕೂರುತ್ತದೆ, ಪ್ರತಿ ಸಲ ಎಳೆತವೂ ಬೇರೆ ಬೇರೆ ಆಗುತ್ತದೆ. ನಾನು ಬಾಣ ಉಳಿಸಲು ಹೋಗಿ ಎರಡು ವರ್ಷ ಭುಜ ನೋವು ತಿಂದವನು. ಮೈಗೆ ತಕ್ಕ ಬಾಣ ಮಾಡಬೇಕು.

ಮೇರಿ ರೋಸ್ ಅಂತ 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧದ ಹಡಗಿನಲ್ಲಿ ಸಾವಿರಾರು ಬಾಣ ಸಿಕ್ಕಿವೆ, ಅವೇ ಹೆಚ್ಚಿನವು 30 ಇಂಚಿನ ಆಸುಪಾಸು. ಹಾಗಾಗಿ 33 ಅನ್ನುವುದು ಮಾಮೂಲಿ ಅಳತೆ ಅಲ್ಲ, ಒಪ್ಪುತ್ತೇನೆ. ಆದರೆ ಜಪಾನಿನ ಬಿಲ್ವಿದ್ಯೆಯಾದ ಕ್ಯೂದೋದವರನ್ನು ನೋಡಿ. ಅವರು ಕಿವಿ ದಾಟಿ ಹಿಂದಕ್ಕೆ ಎಳೆಯುತ್ತಾರೆ, ಬಾಣ 90 ಸೆಂಟಿಮೀಟರ್ ದಾಟುತ್ತದೆ. ಹಿಂದಿನಿಂದಲೂ ಅದನ್ನು ಮಾಡುವುದು ಬಿದಿರಿನಲ್ಲಿ.

ಫಾರೆಸ್ಟ್ರಿ_ಅಕ್ಕ:

ಬಿದಿರಿನ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದವಳು, ಬಾಣ ಮಾಡಲು ಶುರು ಮಾಡಿ ನಾಲ್ಕು ವರ್ಷ ಆಯಿತು.

ಬೇಲಿಯ ಮೆಳೆ ಮುಳ್ಳಿರುವ ಹೆಬ್ಬಿದಿರು ಆಗಿರಬೇಕು. ಅದರ ಸಣ್ಣ ಕೊಂಬೆಗಳನ್ನು ಹಾಗೇ ಬಾಣ ಮಾಡಲು ಹೋಗಬೇಡಿ, ನಾನು ಮಾಡಿ ಸೋತಿದ್ದೇನೆ, ಗಂಟು ಗಂಟಿಗೂ ಡೊಂಕು. ವಾಟೆ ಬಿದಿರೂ ಬೇಡ, ನೋಡಲು ನೇರ ಇರುತ್ತದೆ, ಆದರೆ ಗೋಡೆ ತೆಳು, 55 ಪೌಂಡಿಗೆ ಸೀಳುತ್ತದೆ. ಹೆಬ್ಬಿದಿರಿನ ಬುಡದ ಕಡೆ ಗೋಡೆ ದಪ್ಪ ಇರುತ್ತದಲ್ಲ, ಅದನ್ನು ಉದ್ದಕ್ಕೆ ಸೀಳಿ ಕಡ್ಡಿ ಮಾಡಿ. ಇಲ್ಲಿ ಉದ್ದಕ್ಕೆ ಮಿತಿಯೇ ಇಲ್ಲ, 36 ಬೇಕಾದರೆ 36, 38 ಬೇಕಾದರೆ 38.

ಕಡಿಯುವ ಕಾಲ ಮುಖ್ಯ. ಎಳೆ ಬಿದಿರು ಬೇಡ, ಮೂರು ವರ್ಷ ಬಲಿತದ್ದು ಆಗಬೇಕು. ಮಳೆಗಾಲದಲ್ಲಿ ಕಡಿದರೆ ಪಿಷ್ಟ ಜಾಸ್ತಿ ಇದ್ದು ಆರು ತಿಂಗಳಲ್ಲಿ ಕುಟ್ಟೆ ಹುಳು ಪುಡಿ ಮಾಡುತ್ತದೆ. ಡಿಸೆಂಬರ್-ಜನವರಿಯಲ್ಲಿ ಕಡಿದು ಎರಡು ಮೂರು ವಾರ ತೋಡಿನ ನೀರಿನಲ್ಲಿ ಮುಳುಗಿಸಿಡಿ, ಆಮೇಲೆ ನೆರಳಲ್ಲಿ ಒಣಗಿಸಿ. ನಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತೇವೆ, ಅಲ್ಲಿಟ್ಟ ಕಡ್ಡಿಗೆ ಹುಳು ಬಂದದ್ದು ಇದುವರೆಗೆ ನೋಡಿಲ್ಲ.

ಆಮೇಲೆ 12 ಮಿಲಿಮೀಟರ್ ಅಗಲದ ಸೀಳು ಮಾಡಿ, ಚೌಕ ಹೆರೆದು, ಎಂಟು ಮೂಲೆ ಮಾಡಿ, ಕೊನೆಗೆ ಮರಳು ಕಾಗದದಲ್ಲಿ ದುಂಡಗೆ ಮಾಡಿ. ಸುಮಾರು 9 ಮಿಲಿಮೀಟರ್ ದಪ್ಪಕ್ಕೆ ಬಂದಾಗಿನಿಂದ ಮೇಷ್ಟ್ರು ಹೇಳಿದ ಮೊಳೆ ಮತ್ತು ಬಾಟಲಿಯಲ್ಲಿ ಅಳೆಯುತ್ತಾ ಹೋಗಿ. ಹೊರಗಿನ ಸಿಪ್ಪೆಯ ಕಡೆಯನ್ನು ಆದಷ್ಟು ಕಡಿಮೆ ಹೆರೆಯಿರಿ, ಬಿದಿರಿನ ಗಟ್ಟಿತನ ಎಲ್ಲಾ ಅಲ್ಲೇ ಇರುವುದು. ಡೊಂಕಿದ್ದರೆ ಕೆಂಡದ ಮೇಲೆ ಕೈ ಸುಡುವಷ್ಟು ಬಿಸಿ ಮಾಡಿ, ಎದುರು ದಿಕ್ಕಿಗೆ ಬಾಗಿಸಿ, ತಣ್ಣಗಾಗುವವರೆಗೆ ಹಿಡಿದುಕೊಳ್ಳಿ. ಈ ಕೆಲಸಕ್ಕೆ ತಾಳ್ಮೆ ಬೇಕು. ನಾನು ಸಂಜೆ ರೇಡಿಯೋ ಹಾಕಿಕೊಂಡು ಕೂತರೆ ದಿನಕ್ಕೆ ಎರಡು ಕಡ್ಡಿ ಆಗುತ್ತದೆ. ನಾಕ್‌ನ ಕಚ್ಚನ್ನು ಬಿದಿರಿನಲ್ಲೇ ಕೊರೆಯುವುದಾದರೆ ಅದರ ಕೆಳಗೆ ಒಂದು ಗಂಟು ಬರುವ ಹಾಗೆ ನೋಡಿಕೊಳ್ಳಿ, ಗಂಟಿನ ಮೇಲೆ ನೂಲು ಬಿಗಿದು ಸುತ್ತಿ, ಇಲ್ಲದಿದ್ದರೆ ಹೆದೆಯ ಏಟಿಗೆ ಬಿರಿಯುತ್ತದೆ.

ತೂಕ ಜಾಸ್ತಿ ಬರುತ್ತದೆ, ನನ್ನ ಬಾಣಗಳು 600 ಗ್ರೇನ್ ದಾಟುತ್ತವೆ. ನಿಮ್ಮ 55 ಪೌಂಡಿಗೆ ಅದು ಏನೂ ಹೆಚ್ಚಲ್ಲ, ಪೌಂಡಿಗೆ 10-11 ಗ್ರೇನ್ ಆಯಿತು. ಬಿಲ್ಲಿಗೂ ಒಳ್ಳೆಯದು.

ಕಾಡಿನ ಬಿದಿರಿಗೆ ಮಾತ್ರ ಕೈ ಹಾಕಬೇಡಿ. ಕೇಂದ್ರದ ಅರಣ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಆ ಕಾಯ್ದೆಯಲ್ಲಿ ಮರ ಅಲ್ಲ.

ಗೋಣಿಕೊಪ್ಪ_ಮರಗೆಲಸ:

ನಾನು ಬಡಗಿ, ಬಿಲ್ಲು ಹೊಡೆಯುವವನಲ್ಲ, ಆದರೆ ಒಬ್ಬರಿಗೆ ಎರಡು ಡಜನ್ ಬಾಣಕ್ಕೆ ಮುಂಭಾಗ ಜೋಡಿಸಿ ಕೊಟ್ಟಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಬಿದಿರು ಒಣಗುವವರೆಗೆ ಕಾಯಲು ಆಗದಿದ್ದರೆ 32 ಇಂಚಿನ ಸೀಡರ್ ಕಡ್ಡಿಯನ್ನೇ ಉದ್ದ ಮಾಡಬಹುದು. ಹಳೆ ಬೀಟೆ ಕಿಟಕಿಯ ತುಂಡು ನಮ್ಮ ಹತ್ತಿರ ಬೇಕಾದಷ್ಟು ಬಿದ್ದಿರುತ್ತದೆ. 9 ಇಂಚಿನ ಬೀಟೆ ಕಡ್ಡಿ ತೆಗೆದುಕೊಂಡು ಒಂದು ತುದಿಯಿಂದ 6 ಇಂಚು ಸರಿಯಾಗಿ ಮಧ್ಯಕ್ಕೆ ಗರಗಸ ಹಾಕಬೇಕು. ಸೀಡರ್ ತುದಿಯನ್ನು ಅಷ್ಟೇ ಉದ್ದಕ್ಕೆ ಬೆಣೆಯ ಹಾಗೆ ಎರಡು ಬದಿ ಹೆರೆದು ಅದರೊಳಗೆ ತುರುಕಿ, ಅಂಟು ಹಾಕಿ, ಹುರಿ ಸುತ್ತಿ ಒಂದು ದಿನ ಬಿಡಬೇಕು. ಆಮೇಲೆ ಹೊರಗಿನ ಬೀಟೆಯನ್ನು ದುಂಡಗೆ ಮಾಡಿದರೆ ಒಟ್ಟು 35 ಇಂಚು ಆಗುತ್ತದೆ, ಮೊನೆ ಮತ್ತು ನಾಕ್‌ಗೆ ಚೂಪು ಮಾಡಿದ ಮೇಲೂ 33 ಧಾರಾಳ. ಬೆಣೆ ಇಳಿಸುವಾಗ ಅವಸರ ಮಾಡಿದರೆ ಬೀಟೆ ಸೀಳುತ್ತದೆ, ಮೊದಲು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ, ಒಣಗಿದ ಮೇಲೆ ಅಂಟು ಹಾಕಿ.

ಬಾಣ ಮುರಿಯುವುದು ಹೆಚ್ಚಾಗಿ ಮೊನೆಯ ಹಿಂದೆ ಅಂತ ಅವರು ಹೇಳುತ್ತಿದ್ದರು. ಅಲ್ಲಿ ಬೀಟೆ ಬಂದ ಮೇಲೆ ಮುರಿಯುವುದು ಕಡಿಮೆ ಆಯಿತಂತೆ.

ಕುಶಾಲನಗರ_ಮೇಷ್ಟ್ರು:

ಬಡಗಿಯವರು ಹೇಳಿದ್ದು ಚಿನ್ನದಂಥ ಮಾತು. ಒಂದು ಸೇರಿಸುತ್ತೇನೆ. ನಿಮ್ಮ ಹತ್ತಿರ ಇರುವ 45-50 ಬಾಣಕ್ಕೇ ಬೀಟೆ ಜೋಡಿಸಬೇಡಿ, ಉದ್ದ ಆಗುತ್ತದೆ, ಬಳುಕುವುದು ಹೋಗುವುದಿಲ್ಲ. ಹೊಸದಾಗಿ 70-75ರ ಬರಿ ಶಾಫ್ಟ್ ತರಿಸಿ, 23/64 ಇಂಚು ದಪ್ಪದ್ದು. ಮುಂಭಾಗ ಗಟ್ಟಿ ಮರ ಬಂದಾಗ ಬಾಗುವ ಭಾಗ ಗಿಡ್ಡ ಆಗಿ ಬಾಣ ಸ್ವಲ್ಪ ಬಿಗಿಯಾಗುತ್ತದೆ, ಅದಕ್ಕೆ ಮೊದಲು ಎರಡೇ ಬಾಣ ಮಾಡಿ ಗರಿ ಇಲ್ಲದೆ ಹತ್ತು ಹೆಜ್ಜೆಯಿಂದ ಹೊಡೆದು ನೋಡಿ. ಎಡಕ್ಕೆ ಹೋದರೆ ಭಾರದ ಮೊನೆ ಹಾಕಿ, ಬಲಕ್ಕೆ ಹೋದರೆ 100 ಗ್ರೇನಿಗೆ ಇಳಿಸಿ. ಇಡೀ ಡಜನ್ ಮಾಡಿ ಆಮೇಲೆ ಕೈ ಹಿಸುಕಿಕೊಳ್ಳಬೇಡಿ.

ಸೋಮವಾರಪೇಟೆ_ಲಾಂಗ್‌ಬೋ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಅಣ್ಣನ ಕೈಯಲ್ಲಿ ಗೆರೆ ಹಾಕಿಸಿದೆ. 31 ಕಾಲು, 31 ಅರ್ಧ, 31 ಅರ್ಧ ಬಂತು. ಮುಕ್ಕಾಲು ಅಂದಿದ್ದು ನನ್ನ ತಪ್ಪು ಅಳತೆ. ಬಿಲ್ಲು ಮಾಡಿದವರಿಗೆ ಫೋನ್ ಮಾಡಿದೆ, 32ರವರೆಗೆ ಧೈರ್ಯವಾಗಿ ಎಳೆಯಿರಿ ಅಂದರು.

ಹಳೆ ಬಾಣಗಳನ್ನು ಮೊಳೆಯ ಮೇಲಿಟ್ಟು ಬಾಟಲಿ ಕಟ್ಟಿದೆ. ಹನ್ನೆರಡರಲ್ಲಿ ಏಳು 14 ಮಿಲಿಮೀಟರ್ ಬಾಗಿದವು, ಎರಡು 16! ಅಂದರೆ 41 ಪೌಂಡ್. ಅವನ್ನೆಲ್ಲ ಅಣ್ಣನ ಮಗಳಿಗೆ ಕೊಡುತ್ತೇನೆ, ಅವಳದು 25 ಇಂಚಿನ ಎಳೆತ, ಬಿಲ್ಲೂ ಹಗುರ.

ಗೋಣಿಕೊಪ್ಪದವರೇ, ಮುಂದಿನ ವಾರ ಸಂತೆ ದಿನ ಆ ಕಡೆ ಬರುತ್ತೇನೆ, ಎರಡು ಬಾಣಕ್ಕೆ ಬೀಟೆ ಜೋಡಿಸಿ ಕೊಡುತ್ತೀರಾ? ಅಕ್ಕಾ, ಮೆಳೆಯಲ್ಲಿ ಬಲಿತ ಬಿದಿರಿಗೆ ಸುಣ್ಣದ ಗುರುತು ಹಾಕಿಟ್ಟಿದ್ದೇನೆ, ಡಿಸೆಂಬರ್‌ಗೆ ಕಡಿಯುತ್ತೇನೆ. ಸೀಳುವ ಮೊದಲು ನೀರಿಗೆ ಹಾಕಬೇಕಾ, ಸೀಳಿ ಆದ ಮೇಲಾ?

ಫಾರೆಸ್ಟ್ರಿ_ಅಕ್ಕ:

ಇಡಿಯಾಗಿ ಹಾಕಿ, ನಾಲ್ಕು ಅಡಿಯ ತುಂಡು ಮಾಡಿ. ಗಂಟಿನ ಒಳಗಿನ ಪರದೆಗೆ ಕಬ್ಬಿಣದ ಸರಳಿನಲ್ಲಿ ತೂತು ಹೊಡೆದರೆ ನೀರು ಒಳಗೂ ಹೋಗುತ್ತದೆ. ಮೇಲೆ ಒಂದು ದೊಡ್ಡ ಕಲ್ಲು ಇಡಿ, ಇಲ್ಲದಿದ್ದರೆ ತೇಲಿಕೊಂಡು ಹೋಗುತ್ತದೆ.