ಪದಚರ್ಚೆ: ವ್ಯಾಪಾರದ ವೆಬ್‌ಸೈಟಿನ ಗುಂಡಿಗಳ ಮೇಲೆ ‘ಖರೀದಿ’, ‘ಪಾವತಿ’

ಮಾನ್ಯ ಸದಸ್ಯರೆ,

ಕಲಬುರಗಿಯ ಬೇಳೆ ಗಿರಣಿಯೊಂದು ತನ್ನ ತೊಗರಿ ಬೇಳೆಯನ್ನು ನೇರವಾಗಿ ಮನೆಬಳಕೆಯವರಿಗೆ ಮಾರುವುದಕ್ಕಾಗಿ ವೆಬ್‌ಸೈಟ್ ಮಾಡಿಸಿದೆ. ಅದರ ಕನ್ನಡ ಪುಟಗಳ ಒಕ್ಕಣೆಯನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, ಆ ಸಂದರ್ಭದಲ್ಲಿ ಎದುರಾದ ಕೆಲವು ಪದಗಳ ಬಗ್ಗೆ, ವಿಶೇಷವಾಗಿ ಕಲ್ಯಾಣ ಕರ್ನಾಟಕದ ಸದಸ್ಯರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ. ಲೇಖನದಲ್ಲಿ ಬರುವ ಪದಕ್ಕೆ ಹಿಂದು ಮುಂದಿನ ವಾಕ್ಯಗಳ ಆಸರೆ ಇರುತ್ತದೆ. ಗುಂಡಿಯ ಮೇಲಿನ ಪದಕ್ಕೆ ಆ ಆಸರೆ ಇಲ್ಲ; ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ಓದುವವರು ಆ ಒಂದು ಪದದಿಂದ, ಅದು ಇರುವ ಜಾಗದಿಂದ ಮತ್ತು ತಮ್ಮ ಊರಿನ ವ್ಯವಹಾರದ ರೂಢಿಯಿಂದ ಊಹಿಸಿಕೊಳ್ಳಬೇಕು. ಊಹೆ ತಪ್ಪಿದರೆ ಪುಟದ ಚಂದವೆಲ್ಲ ವ್ಯರ್ಥ.

ಮೊದಲನೆಯದು ‘ಖರೀದಿ’. ಸೈಟು ಶುರುವಾದಾಗ ಪುಟದ ನೆತ್ತಿಯ ಮೇಲೆ ‘ತೊಗರಿ ಖರೀದಿ’ ಎಂಬ ಕೊಂಡಿ ಇತ್ತು. ವ್ಯಾಕರಣದ ಮಟ್ಟಿಗೆ ಅದರಲ್ಲಿ ದೋಷವಿಲ್ಲ. ನಿಘಂಟಿನಲ್ಲಿ ಖರೀದಿ ಎಂದರೆ ಕೊಳ್ಳುವುದು. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಕಡೆಯಿಂದ ಗಿರಣಿಗೆ ಬರತೊಡಗಿದ ಕರೆಗಳೆಲ್ಲ ರೈತರವು. ಇವತ್ತು ಕ್ವಿಂಟಲ್‌ಗೆ ಏನು ದರ, ತೇವಾಂಶ ಎಷ್ಟಿದ್ದರೆ ನಡೆಯುತ್ತದೆ, ಚೀಲ ನಾವೇ ತರಬೇಕೋ ನೀವೇ ಕೊಡುತ್ತೀರೋ ಎಂಬುದು ಅವರ ಪ್ರಶ್ನೆ. ಅವರು ಹಾಗೆ ಓದಿದ್ದು ಪೂರ್ತಿ ಸರಿ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ‘ತೊಗರಿ ಖರೀದಿ’ ಎಂಬ ಜೋಡಿಪದಕ್ಕೆ ಒಂದೇ ಅರ್ಥ ನಿಂತುಹೋಗಿದೆ: ರೈತನಿಂದ ಸರ್ಕಾರವೋ ವರ್ತಕನೋ ತೊಗರಿ ಕೊಳ್ಳುವುದು. ಬೆಂಬಲ ಬೆಲೆಯ ಖರೀದಿ ಕೇಂದ್ರ ಎಂಬ ಫಲಕ ಹಳ್ಳಿಹಳ್ಳಿಯಲ್ಲಿ ತೂಗುತ್ತದೆ, ಪತ್ರಿಕೆಗಳಲ್ಲಿ ‘ಖರೀದಿಗೆ ನೋಂದಣಿ ಆರಂಭ’ ಎಂಬ ಸುದ್ದಿ ಪ್ರತಿ ಸುಗ್ಗಿಯಲ್ಲೂ ಬರುತ್ತದೆ, ಕಲಬುರಗಿಯ ಧಾನ್ಯದ ಸಗಟು ಮಾರುಕಟ್ಟೆಯಾದ ನೆಹರು ಗಂಜಿನ ಅಡತಿ ಅಂಗಡಿಗಳಲ್ಲೂ ಖರೀದಿದಾರ ಎಂದರೆ ರಾಶಿಯ ಮುಂದೆ ನಿಂತು ದರ ಕೂಗುವವನೇ. ಹೀಗಾಗಿ ಕೊಂಡಿಯನ್ನು ನೋಡಿದ ಗಿರಾಕಿಗೆ ಅದು ತನ್ನದಲ್ಲ ಎನಿಸಿತು, ರೈತನಿಗೆ ತನ್ನದೇ ಎನಿಸಿತು. ಗೃಹಿಣಿಯೊಬ್ಬರು ಪುಟವನ್ನು ಪೂರ್ತಿ ನೋಡಿ, ‘ಇಲ್ಲಿ ಬೇಳೆ ಮಾರೋದಿಲ್ಲೇನ್ರಿ, ಬರೀ ತೊಗರಿ ತಗೋತೀರೇನು’ ಎಂದು ಕೇಳಿದರು.

‘ಖರೀದಿ’ಯನ್ನು ತೆಗೆದರೆ ಅದರ ಜಾಗಕ್ಕೆ ಏನನ್ನು ತರಬೇಕು ಎಂಬುದು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ‘ಈಗಲೇ ಕೊಳ್ಳಿ’ ಎಂಬುದನ್ನು ಅನೇಕ ಸೈಟುಗಳಲ್ಲಿ ನೋಡುತ್ತೇವೆ. ವಾಕ್ಯದೊಳಗೆ ಅದು ಸರಿಯಾಗಿಯೇ ಕೇಳಿಸುತ್ತದೆ. ಆದರೆ ಗುಂಡಿಯ ಮೇಲೆ ‘ಕೊಳ್ಳಿ’ ಎಂಬ ಎರಡು ಅಕ್ಷರಗಳು ಒಂಟಿಯಾಗಿ ನಿಂತಾಗ ಉರಿಯುವ ಕೊಳ್ಳಿಯ ನೆನಪು ಬರುತ್ತದೆ. ಕೊಳ್ಳಿ ಇಡುವುದು ಎಂಬ ಮಾತು ಚಿತೆಗೆ ಸಂಬಂಧಿಸಿದ್ದು, ಉಣ್ಣುವ ಪದಾರ್ಥದ ಪಕ್ಕದಲ್ಲಿ ಅದು ಬೇಡ ಎಂದು ಗಿರಣಿಯ ಹಿರಿಯರು ಖಚಿತವಾಗಿ ಹೇಳಿದರು. ನಾನೂ ಅದನ್ನು ಒಪ್ಪುತ್ತೇನೆ. ‘ಕೊಂಡುಕೊಳ್ಳಿ’ ಆ ತೊಡಕಿನಿಂದ ಪಾರಾಗುತ್ತದಾದರೂ ಉದ್ದವಾಗುತ್ತದೆ. ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗಿರುವುದು ‘ಬೇಳೆ ತರಿಸಿಕೊಳ್ಳಿ’. ತರಿಸು ಎಂಬ ಕ್ರಿಯಾಪದದಲ್ಲಿ ವಸ್ತುವು ಇನ್ನೊಬ್ಬರ ಕೈಯಿಂದ ನಮ್ಮ ಮನೆಯ ತನಕ ಬರುತ್ತದೆ ಎಂಬ ಅರ್ಥ ತಾನಾಗಿಯೇ ಅಡಗಿದೆ. ರವಾನೆಯ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ, ರೈತನು ಅದನ್ನು ತನಗೆ ಹೇಳಿದ್ದೆಂದು ಓದುವ ಸಂಭವವೂ ಇಲ್ಲ. ಗುಂಡಿಗೆ ಉದ್ದವಾಯಿತು ಎಂಬ ಆಕ್ಷೇಪ ಬರಬಹುದು. ಗುಂಡಿಯನ್ನು ಪದಕ್ಕೆ ತಕ್ಕಂತೆ ಅಗಲ ಮಾಡಬೇಕೇ ಹೊರತು ಪದವನ್ನು ಗುಂಡಿಗೆ ತಕ್ಕಂತೆ ಮುರಿಯಬಾರದು ಎಂಬುದು ನನ್ನ ನಿಲುವು.

ಇಲ್ಲಿಯೇ ವಿಧಿರೂಪದ ಪ್ರಶ್ನೆಯೂ ಬರುತ್ತದೆ. ಕೆಲವು ತಂತ್ರಾಂಶಗಳಲ್ಲಿ ‘ಉಳಿಸು’, ‘ಅಳಿಸು’ ಎಂದಿರುತ್ತದೆ, ಇನ್ನು ಕೆಲವುಗಳಲ್ಲಿ ‘ಉಳಿಸಿ’, ‘ಅಳಿಸಿ’ ಎಂದಿರುತ್ತದೆ. ಮೊದಲನೆಯದರಲ್ಲಿ ಬಳಸುವವನು ಯಂತ್ರಕ್ಕೆ ಆಜ್ಞೆ ಕೊಡುತ್ತಾನೆ, ಎರಡನೆಯದರಲ್ಲಿ ಯಂತ್ರವು ಬಳಸುವವನನ್ನು ಕೇಳಿಕೊಳ್ಳುತ್ತದೆ. ಎರಡಕ್ಕೂ ತರ್ಕವಿದೆ. ಆದರೆ ಅಂಗಡಿಯ ಪುಟದಲ್ಲಿ ಮಾತಾಡುತ್ತಿರುವುದು ಯಂತ್ರವಲ್ಲ, ಅಂಗಡಿಯವರು. ಗಿರಾಕಿಯನ್ನು ‘ತರಿಸಿಕೋ’ ಎನ್ನುವ ಅಂಗಡಿ ಈ ಸೀಮೆಯಲ್ಲಿ ಇಲ್ಲ. ‘ತರಿಸಿಕೊಳ್ರಿ’ ಎಂದು ಇಲ್ಲಿನ ಆಡುಮಾತಿನಲ್ಲೇ ಬರೆಯೋಣ ಎಂಬ ಸೂಚನೆಯೂ ಬಂದಿತ್ತು. ಬೆಂಗಳೂರು, ಮೈಸೂರಿನ ಗಿರಾಕಿಗಳಿಗೆ ಅದು ಅರ್ಥವಾಗದೆ ಹೋಗುವುದಿಲ್ಲ, ಆದರೂ ಒಂದು ಗುಂಡಿಯಲ್ಲಿ ಆಡುಮಾತು, ಹಣ ವಾಪಸಾತಿಯ ನಿಯಮಗಳಲ್ಲಿ ಗ್ರಂಥಸ್ಥ ಭಾಷೆ ಎಂದಾದರೆ ಪುಟಕ್ಕೆ ಎರಡು ದನಿ ಬರುತ್ತದೆ. ಹಾಗಾಗಿ ಬಹುವಚನದ ಶಿಷ್ಟರೂಪವನ್ನೇ ಎಲ್ಲೆಡೆ ಇಟ್ಟುಕೊಂಡಿದ್ದೇನೆ.

‘ದರ’ ಮತ್ತು ‘ಬೆಲೆ’ಗಳ ನಡುವೆಯೂ ಇದೇ ಬಗೆಯ ಗಡಿ ಇದೆ. ಬೆಂಬಲ ಬೆಲೆ ಎಂಬ ಸರ್ಕಾರಿ ಪದಗುಚ್ಛವನ್ನು ಬಿಟ್ಟರೆ, ಗಂಜಿನಲ್ಲಿ ಕ್ವಿಂಟಲ್ ಲೆಕ್ಕಕ್ಕೆ ದರ ಅಥವಾ ಧಾರಣೆ ಎನ್ನುತ್ತಾರೆ, ಕಿಲೋ ಪೊಟ್ಟಣಕ್ಕೆ ಬೆಲೆ ಎನ್ನುತ್ತಾರೆ. ಆದ್ದರಿಂದ ಸೈಟಿನಲ್ಲಿ ‘ಬೆಲೆ’ಯನ್ನೇ ಬಳಸಿದೆವು. ಆಗ ಕಂಡ ತೊಂದರೆ ಅರ್ಥದ್ದಲ್ಲ, ಕಣ್ಣಿನದು. ‘ಬೇಳೆ ಬೆಲೆ’ ಎಂಬ ಎರಡು ಪದಗಳನ್ನು ಸಣ್ಣ ಅಕ್ಷರದಲ್ಲಿ, ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಅಚ್ಚು ಮಾಡಿ ನೋಡಿ: ದೀರ್ಘದ ಗುರುತು ಮಾಯವಾಗುತ್ತದೆ, ಳಕಾರ ಲಕಾರಗಳ ವ್ಯತ್ಯಾಸ ಮಸುಕಾಗುತ್ತದೆ, ಒಂದೇ ಪದ ಎರಡು ಸಲ ಬಿದ್ದಂತೆ ತೋರುತ್ತದೆ. ವೆಬ್ ಪುಟಗಳ ಸುಗಮತೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸ ಇರಬೇಕೆನ್ನುತ್ತದೆ. ಕನ್ನಡದ ಮಟ್ಟಿಗೆ ಅದು ಸಾಕಾಗುವುದೂ ಅನುಮಾನವೇ, ಅಕ್ಷರದ ಗಾತ್ರವೂ ದೊಡ್ಡದಾಗಬೇಕು. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿ ಕೊರೆದ ಗುಂಡಿಯಲ್ಲಿ ಒತ್ತು ಕೆಳಗಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಆಗುತ್ತದೆ, ‘ರದ್ದು’ ಎಂಬುದು ‘ರದು’ ಆಗುತ್ತದೆ. ಇದನ್ನು ಕನ್ನಡದ ತಪ್ಪು ಎಂದುಕೊಂಡು, ಒತ್ತಕ್ಷರ ಇಲ್ಲದ ಪದವನ್ನೇ ಹುಡುಕಿ ಕೊಡಿ ಎಂದು ವಿನ್ಯಾಸಕರು ಕೇಳುವುದುಂಟು. ದಯವಿಟ್ಟು ಯಾರೂ ಅದಕ್ಕೆ ಒಪ್ಪಬೇಡಿ. ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿದರೆ ಮುಗಿಯುವ ಕೆಲಸ ಅದು.

ಈಗ ‘ಪಾವತಿ’ಗೆ ಬರುತ್ತೇನೆ. ನನಗೆ ಇನ್ನೂ ತೃಪ್ತಿಯಾಗದ ಪದ ಇದು. ಶಿಷ್ಟ ಕನ್ನಡದಲ್ಲಿ ಪಾವತಿ ಎಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ಅದೇ ಪದಕ್ಕೆ ರಸೀದಿ ಎಂಬ ಅರ್ಥ. ಔರಾದ, ಭಾಲ್ಕಿ, ಬಸವಕಲ್ಯಾಣದಂಥ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಎಂಬುದು ದಿನನಿತ್ಯದ ಸಂಗತಿಯಾದ್ದರಿಂದ, ಅಲ್ಲಿನ ಓದುಗರು ‘ಪಾವತಿ’ ಎಂಬ ಗುಂಡಿಯನ್ನು ಕಂಡರೆ ರಸೀದಿ ಸಿಗುತ್ತದೆ ಎಂದುಕೊಂಡರೆ ಅಚ್ಚರಿಪಡಬೇಕಾಗಿಲ್ಲ. ಗಿರಣಿಯ ಲೆಕ್ಕ ಬರೆಯುವವರು ಭಾಲ್ಕಿ ಕಡೆಯವರು. ಪರೀಕ್ಷೆಗೆಂದು ಪುಟವನ್ನು ಅವರ ಕೈಗೆ ಕೊಟ್ಟಾಗ, ‘ರೊಕ್ಕನೇ ಕೊಟ್ಟಿಲ್ಲ, ಪಾವತಿ ಹ್ಯಾಂಗ್ ಬರ್ತದ’ ಎಂದು ಕೈಬೆರಳನ್ನು ಗುಂಡಿಯ ಮೇಲೆಯೇ ನಿಲ್ಲಿಸಿಕೊಂಡು ಕೇಳಿದರು. ಹಣ ಕೊಡುವ ಹಂತದಲ್ಲಿ ಹುಟ್ಟುವ ಇಷ್ಟು ಅನುಮಾನ ಸಾಕು, ಗಿರಾಕಿ ಫೋನನ್ನು ಮುಚ್ಚಿಡುತ್ತಾನೆ.

ನಾಮಪದದ ಬದಲು ‘ಪಾವತಿಸಿ’ ಎಂಬ ಕ್ರಿಯಾಪದವನ್ನು ಇಟ್ಟು, ಅದರ ಹಿಂದೆ ಮೊತ್ತವನ್ನು ಸೇರಿಸಿ ‘640 ರೂಪಾಯಿ ಪಾವತಿಸಿ’ ಎಂದು ಮಾಡಿದಾಗ ಗೊಂದಲ ಬಹುಮಟ್ಟಿಗೆ ಹೋಯಿತು. ಮೊತ್ತ ಕಣ್ಣೆದುರಿಗೆ ಇರುವಾಗ ರಸೀದಿ ಎಂಬ ಅರ್ಥಕ್ಕೆ ಎಡೆಯಿಲ್ಲ. ಆದರೆ ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುವುದರಿಂದ, ಕಿರಿದಾದ ಪರದೆಯಲ್ಲಿ ಗುಂಡಿಯ ಬರಹದ ಬಾಲವನ್ನು ಕತ್ತರಿಸಿ ಮೂರು ಚುಕ್ಕಿ ಹಾಕಿದರೂ ಅರ್ಥ ಉಳಿದುಕೊಳ್ಳುತ್ತದೆ. ಕನ್ನಡದಲ್ಲಿ ಬಾಲವೇ ಜೀವ. ಹಳೆಯ ಫೋನೊಂದರಲ್ಲಿ ಈ ಗುಂಡಿ ‘640 ರೂಪಾಯಿ ಪಾವ…’ ಎಂದು ಕಾಣಿಸಿತು; ಈ ಭಾಗದಲ್ಲಿ ಪಾವ ಕಿಲೋ ಎಂದರೆ ಕಾಲು ಕಿಲೋ. ಬೇಳೆಯ ಅಂಗಡಿಯಲ್ಲಿ 640 ರೂಪಾಯಿಗೆ ಪಾವ ಕಿಲೋ ಎಂದು ಓದಿಕೊಂಡವರಿಗೆ ಏನನ್ನಿಸಬೇಕು? ಕನ್ನಡ ಗುಂಡಿಗಳಲ್ಲಿ ಬರಹವನ್ನು ಕತ್ತರಿಸುವ ಬದಲು ಎರಡನೆಯ ಸಾಲಿಗೆ ಇಳಿಸಬೇಕು ಎಂಬುದನ್ನು ವಿನ್ಯಾಸದ ನಿಯಮವಾಗಿಯೇ ಬರೆದಿಡಬೇಕೆಂದು ನನಗೆ ತೋರುತ್ತದೆ. ‘ಹಣ ಕಟ್ಟಿ’ ಚಿಕ್ಕದು, ಎಲ್ಲರಿಗೂ ಗೊತ್ತಿರುವುದು. ಆದರೆ ಹಣ ಕಟ್ಟುವುದು ಕರೆಂಟು ಬಿಲ್ಲಿಗೆ, ಶಾಲೆಯ ಶುಲ್ಕಕ್ಕೆ, ದಂಡಕ್ಕೆ. ಅಂಗಡಿಯಲ್ಲಿ ಹಣ ಕೊಡುತ್ತೇವೆ. ‘ಸಂದಾಯ’ ಎಂಬುದು ಕಂದಾಯದ ಕಚೇರಿಗೆ ಹೆಚ್ಚು ಹತ್ತಿರ. ‘640 ರೂಪಾಯಿ ಕೊಡಿ’ ಎಂಬುದರ ಕಡೆಗೆ ನನ್ನ ಮನಸ್ಸು ವಾಲುತ್ತಿದೆಯಾದರೂ, ಅದು ತೀರ ನೇರವಾಯಿತು ಎಂದು ಕೆಲವರು ಹೇಳುತ್ತಿದ್ದಾರೆ.

ಕೊನೆಯದಾಗಿ, ಇಂಗ್ಲಿಷಿನಲ್ಲಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎನ್ನುವ ಈ ಇಡೀ ವಿಷಯಕ್ಕೆ ಕನ್ನಡದಲ್ಲಿ ಇಟ್ಟಿರುವ ಹೆಸರಿನ ಬಗ್ಗೆ. ವಿನ್ಯಾಸಕರ ಟಿಪ್ಪಣಿಯಲ್ಲಿ ‘ಬಳಕೆದಾರರ ಅನುಭವವನ್ನು ಸುಧಾರಿಸಬೇಕು’ ಎಂದಿತ್ತು. ಗಿರಣಿಯವರು ಅದನ್ನು ಓದಿ, ತಮ್ಮ ಬೇಳೆ ಬೇಗ ಬೇಯುತ್ತದೆ, ರುಚಿಯಾಗಿದೆ ಎಂದು ಗಿರಾಕಿಗಳು ಬರೆದ ಮಾತುಗಳನ್ನು ಒಟ್ಟುಮಾಡಿ ಕಳಿಸಿದರು. ಕನ್ನಡದ ರೂಢಿಯಲ್ಲಿ ಅವರು ಓದಿದ್ದೇ ಸಹಜ ಅರ್ಥ: ಬಳಕೆದಾರರ ಅನುಭವ ಎಂದರೆ ಬಳಸಿದವರು ಹೇಳಿಕೊಳ್ಳುವ ಅನುಭವ. ವಿನ್ಯಾಸ ತಜ್ಞ ಡಾನ್ ನಾರ್ಮನ್ ಅವರು 1993ರಲ್ಲಿ ಆಪಲ್ ಕಂಪನಿಯನ್ನು ಸೇರಿದ ಮೇಲೆ ಬಳಕೆಗೆ ತಂದ ಪರಿಕಲ್ಪನೆಯ ಹರವು ಬೇರೆ. ಐಎಸ್‌ಒ 9241-210 ಎಂಬ ಅಂತರರಾಷ್ಟ್ರೀಯ ಮಾನದಂಡವು ಕೊಡುವ ವಿವರಣೆಯಲ್ಲಿ, ಒಂದು ವಸ್ತುವನ್ನು ಬಳಸಿದಾಗ ಹುಟ್ಟುವ ಭಾವನೆ, ಪ್ರತಿಕ್ರಿಯೆಗಳ ಜೊತೆಗೆ ಬಳಸುವುದಕ್ಕೆ ಮೊದಲೇ ಮನಸ್ಸಿನಲ್ಲಿರುವ ನಿರೀಕ್ಷೆಯೂ ಸೇರಿದೆ. ಕನ್ನಡದ ‘ಅನುಭವ’ ಆಗಿಹೋದದ್ದನ್ನು, ಮಾಗಿದ್ದನ್ನು ಸೂಚಿಸುತ್ತದೆ. ಅನುಭವ ಮಂಟಪದ ನೆಲವಾದ ಬಸವಕಲ್ಯಾಣ ಪಕ್ಕದಲ್ಲೇ ಇರುವ ಈ ಸೀಮೆಯಲ್ಲಿ ಆ ಪದಕ್ಕೆ ಇರುವ ತೂಕ ಇನ್ನೂ ಬೇರೆ. ಬೇಳೆ ಪೊಟ್ಟಣದ ಪುಟಕ್ಕೆ ಅದನ್ನು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ. ‘ಬಳಕೆದಾರರ’ ಎಂಬುದನ್ನು ಬಿಟ್ಟು ‘ಬಳಕೆಯ ಅನುಭವ’ ಎಂದರೆ ಗಿರಾಕಿಗಳ ಹೇಳಿಕೆ ಎಂಬ ಅರ್ಥ ಸ್ವಲ್ಪ ಹಿಂದೆ ಸರಿಯುತ್ತದೆ. ಕೆಲಸ ತಡೆಯಿಲ್ಲದೆ ಸಾಗುತ್ತದೆಯೇ ಎಂಬಷ್ಟನ್ನೇ ಹೇಳಬೇಕಾದಲ್ಲಿ ‘ಸಲೀಸು’ ಎಂಬ ಪದ ಸಿದ್ಧವಾಗಿಯೇ ಇದೆ. ‘ಈ ಪುಟದಲ್ಲಿ ಬೇಳೆ ತರಿಸಿಕೊಳ್ಳುವುದು ಸಲೀಸಾಗಿದೆಯೇ’ ಎಂದು ಕೇಳಿದರೆ ಲೆಕ್ಕ ಬರೆಯುವವರಿಂದ ಹಿಡಿದು ವಿನ್ಯಾಸಕರವರೆಗೆ ಎಲ್ಲರೂ ಒಂದೇ ವಿಷಯವನ್ನು ಮಾತಾಡುತ್ತಾರೆ.

‘ಜಾಲತಾಣ’ವನ್ನು ಈ ಸೈಟಿನಲ್ಲಿ ಎಲ್ಲಿಯೂ ಬಳಸಿಲ್ಲ. ಸಾಮಾಜಿಕ ಜಾಲತಾಣ ಎಂಬುದನ್ನು ಪತ್ರಿಕೆಗಳು ಬರೀ ಜಾಲತಾಣ ಎಂದು ಮೊಟಕುಗೊಳಿಸಿದ ಮೇಲೆ ಆ ಪದ ಫೇಸ್‌ಬುಕ್ ಕಡೆಗೆ ಹೊರಟುಹೋಗಿದೆ. ಇನ್ನು ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ಆದರೂ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಪಡೆದ ಬೇಳೆ ‘ಗುಲ್ಬರ್ಗಾ ತೂರ್ ದಾಲ್’ ಎಂದೇ ನೋಂದಣಿಯಾಗಿದೆ, ಹೊರಗಿನವರು ಹುಡುಕುವುದೂ ಆ ಹೆಸರಿನಿಂದಲೇ. ಹಾಗಾಗಿ ಮುಖಪುಟದಲ್ಲಿ ಎರಡೂ ಹೆಸರುಗಳನ್ನು ಉಳಿಸಿಕೊಂಡಿದ್ದೇವೆ.

ಬೀದರ್ ಜಿಲ್ಲೆಯ ಸದಸ್ಯರು ‘ಪಾವತಿ’ ಎಂಬುದು ತಮ್ಮ ಊರಿನಲ್ಲಿ ಮೊದಲು ಯಾವ ಅರ್ಥದಲ್ಲಿ ಕಿವಿಗೆ ಬೀಳುತ್ತದೆ ಎಂಬುದನ್ನು, ‘ಪಾವತಿಸಿ’ ಎಂದಾಗ ಆ ಗೊಂದಲ ನಿಜವಾಗಿಯೂ ಹೋಗುತ್ತದೆಯೇ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಶಹಾಪುರ, ಸುರಪುರ, ಯಾದಗಿರಿಯ ಪೇಟೆಯಲ್ಲಿ ಅಂಗಡಿಯವರು ಹಣ ಕೇಳುವಾಗ, ನಯವೂ ಇದ್ದು ನೇರವೂ ಆದ ಯಾವ ಕ್ರಿಯಾಪದವನ್ನು ಬಳಸುತ್ತಾರೆ ಎಂಬುದು ಗೊತ್ತಾದರೆ ಇನ್ನೂ ಒಳ್ಳೆಯದು. ಹೊಸ ತೊಗರಿ ಗಂಜಿಗೆ ಬಂದು ಬೇಡಿಕೆ ಏರುವ ಮೊದಲೇ ಗುಂಡಿಗಳ ಒಕ್ಕಣೆಯನ್ನು ಅಂತಿಮಗೊಳಿಸಬೇಕಿದೆ. ರೂಢಿಯಾದ ಗುಂಡಿಯ ಮಾತನ್ನು ವ್ಯಾಪಾರದ ನಡುವೆ ಬದಲಿಸಿದರೆ ಮರಳಿ ಬರುವ ಗಿರಾಕಿಗಳಿಗೇ ತೊಂದರೆ.